ಒತ್ತಿದರೂ ಗೆರೆ ದಪ್ಪವಾಗುತ್ತಿಲ್ಲ: ಟ್ಯಾಬ್ಲೆಟ್ ಪೆನ್ನಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಮೈಸೂರು ಶೈಲಿಯ ಚಿತ್ರಗಳನ್ನು ಕುಂಚದಲ್ಲಿ ಬರೆದು ಅಭ್ಯಾಸವಿದೆ. ಈಚೆಗೆ ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದನ್ನು ಕೊಂಡು, ಅದಕ್ಕೆಂದು ಆನ್‌ಲೈನ್‌ನಲ್ಲಿ ಪೆನ್ನು ತರಿಸಿದೆ. ಡಬ್ಬಿಯ ಮೇಲೆ ‘ಎಲ್ಲ ಟ್ಯಾಬ್ಲೆಟ್‌ಗಳಿಗೂ ಹೊಂದುತ್ತದೆ’ ಎಂದು ಬರೆದಿದೆ. ಆದರೆ ಎಷ್ಟು ಒತ್ತಿದರೂ ಗೆರೆಯ ದಪ್ಪ ಒಂದೇ. ದೇವಿಯ ಹುಬ್ಬು ಬರೆದರೆ ತಂತಿ ಬಾಗಿಸಿ ಇಟ್ಟ ಹಾಗೆ ಕಾಣುತ್ತದೆ. ತೊಂದರೆ ನನ್ನ ಕೈಯಲ್ಲಿದೆಯೋ, ಪೆನ್ನಿನಲ್ಲಿದೆಯೋ?

ಉತ್ತರ: ಪೆನ್ನಿನಲ್ಲಿದೆ ಸರ್. ‘ಎಲ್ಲ ಟ್ಯಾಬ್ಲೆಟ್‌ಗಳಿಗೂ ಹೊಂದುತ್ತದೆ’ ಎಂಬ ಮಾತು ಕಂಡಲ್ಲಿ ಒತ್ತಡ ಗ್ರಹಿಸುವ ಶಕ್ತಿ ಇರುವುದಿಲ್ಲ ಎಂದೇ ತಿಳಿಯಿರಿ. ಅಂಥ ಪೆನ್ನಿನ ರಬ್ಬರ್ ತುದಿಯಾಗಲಿ, ಪಾರದರ್ಶಕ ಬಿಲ್ಲೆಯಾಗಲಿ ನಮ್ಮ ಬೆರಳನ್ನು ಅನುಕರಿಸುತ್ತದೆ, ಅಷ್ಟೇ. ಪರದೆಗೆ ತಿಳಿಯುವುದು ‘ಇಲ್ಲಿ ಮುಟ್ಟಿದರು’ ಎಂಬುದು ಮಾತ್ರ. ‘ಎಷ್ಟು ಒತ್ತಿದರು’ ಎಂಬುದನ್ನು ಹೇಳುವವರು ಯಾರೂ ಇಲ್ಲ.

ನಿಜವಾಗಿ ಒತ್ತಡ ತಿಳಿಸುವ ಪೆನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಜಪಾನಿನ ವಾಕಾಮ್ ಕಂಪನಿ ಬೆಳೆಸಿದ ವಿದ್ಯುತ್ಕಾಂತೀಯ ಅನುರಣನದ ಬಗೆ. ಪರದೆಯ ಕೆಳಗೆ ಒಂದು ಸಂವೇದಕ ಹಲಗೆ ಇರುತ್ತದೆ. ಅದು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಪೆನ್ನಿನೊಳಗಿನ ಸುರುಳಿ ಶಕ್ತಿ ಪಡೆದು ಸಂಕೇತವನ್ನು ಮರಳಿಸುತ್ತದೆ. ತುದಿಯನ್ನು ಒತ್ತಿದಂತೆ ಆ ಸಂಕೇತ ಬದಲಾಗುತ್ತದೆ. ಚಿತ್ರ ಬರೆಯಲು ಈ ಪೆನ್ನಿಗೆ ಬ್ಯಾಟರಿ ಬೇಕಿಲ್ಲ. ಸ್ಯಾಮ್‌ಸಂಗ್‌ನ ಎಸ್ ಪೆನ್ ಇದೇ ಜಾತಿಯದು. ಎರಡನೆಯದು ಒಳಗೆ ಬ್ಯಾಟರಿ ಇಟ್ಟುಕೊಂಡು ತಾನೇ ಸಂಕೇತ ಕಳುಹಿಸುವ ಬಗೆ. ಆಪಲ್ ಪೆನ್ಸಿಲ್, ಮೈಕ್ರೋಸಾಫ್ಟ್‌ನ ಸರ್ಫೇಸ್ ಪೆನ್ ಈ ಗುಂಪಿಗೆ ಸೇರುತ್ತವೆ. ಒಂದರ ಪೆನ್ನು ಇನ್ನೊಂದರಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಪೆನ್ನು ಕೊಳ್ಳುವ ಮೊದಲು ನಿಮ್ಮ ಟ್ಯಾಬ್ಲೆಟ್ ಯಾವ ಬಗೆಯ ಪೆನ್ನನ್ನು ಒಪ್ಪುತ್ತದೆ ಎಂದು ತಯಾರಕರ ಪುಟದಲ್ಲಿಯೇ ನೋಡಬೇಕು. ಕೆಲವು ಟ್ಯಾಬ್ಲೆಟ್‌ಗಳು ಯಾವ ಒತ್ತಡದ ಪೆನ್ನನ್ನೂ ಒಪ್ಪುವುದಿಲ್ಲ. ನಿಮ್ಮದು ಅಂಥದ್ದಾಗಿದ್ದರೆ ಹೊಸ ಪೆನ್ನಿಗೆ ದಯವಿಟ್ಟು ಹಣ ಹಾಕಬೇಡಿ.

ಅದೇ ಸದಸ್ಯರು: ಉಪಕಾರವಾಯಿತು. ಆದರೆ ಒಂದು ಆ್ಯಪ್‌ನಲ್ಲಿ ಇದೇ ಪೆನ್ನಿನಿಂದ ಎಳೆದ ಗೆರೆಯ ತುದಿ ಸಣ್ಣಗಾಗುತ್ತದೆ. ಅದು ಹೇಗೆ?

ಉತ್ತರ: ಅದು ವೇಗವನ್ನು ಲೆಕ್ಕ ಹಾಕಿ ಮಾಡಿದ ಸಣ್ಣ. ಕೈ ವೇಗವಾಗಿ ಹೋದಾಗ ಗೆರೆ ತೆಳುವಾಗಲಿ, ಕೊನೆಗಳು ಮೊನಚಾಗಲಿ ಎಂದು ಆ್ಯಪ್ ತಾನೇ ತೀರ್ಮಾನಿಸುತ್ತದೆ. ಪರೀಕ್ಷೆ ಸುಲಭ: ಒಂದೇ ನಿಧಾನಗತಿಯಲ್ಲಿ ಒಂದು ಉದ್ದ ಗೆರೆ ಎಳೆಯಿರಿ, ಅರ್ಧದವರೆಗೆ ಕೈ ಹಗುರವಾಗಿರಲಿ, ಆಮೇಲೆ ಒತ್ತಿ. ನಡುವೆ ದಪ್ಪ ಬದಲಾಗದಿದ್ದರೆ ಒತ್ತಡ ದಾಖಲಾಗುತ್ತಿಲ್ಲ. ಉಚಿತವಾಗಿ ಸಿಗುವ ಚಿತ್ರ ಬರೆಯುವ ಆ್ಯಪ್ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ಗಳಲ್ಲಿ ಒಂದು ಟೆಸ್ಟರ್ ಕೂಡ ಇದೆ. ಪೆನ್ನು ಆಡಿಸಿದರೆ ಒತ್ತಡದ ಮೌಲ್ಯವನ್ನು ಅಂಕಿಯಲ್ಲಿ ತೋರಿಸುತ್ತದೆ.

ಇನ್ನೊಬ್ಬ ಸದಸ್ಯೆ: ಅಕ್ಕ, ನನ್ನದು 2022ರ ಹತ್ತನೇ ತಲೆಮಾರಿನ ಐಪ್ಯಾಡ್. ಆಪಲ್‌ನದೇ ಪೆನ್ಸಿಲ್ ತೆಗೆದುಕೊಂಡರೆ ಒತ್ತಡದ ಚಿಂತೆ ಇಲ್ಲ ತಾನೇ?

ಉತ್ತರ: ಇದೆ, ಎಚ್ಚರಿಕೆ ಬೇಕು. 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ಗ್ರಹಿಸುವ ಶಕ್ತಿಯೇ ಇಲ್ಲ. ಓರೆಯಾಗಿ ಹಿಡಿದದ್ದು ತಿಳಿಯುತ್ತದೆ, ಒತ್ತಿದ್ದು ತಿಳಿಯುವುದಿಲ್ಲ. ಟಿಪ್ಪಣಿ ಬರೆಯಲು ಅದು ಒಳ್ಳೆಯ ಪೆನ್ನು, ಚಿತ್ರಕ್ಕೆ ಸಾಲದು. ನಿಮ್ಮ ಐಪ್ಯಾಡ್‌ಗೆ ಒತ್ತಡ ಬೇಕೆಂದರೆ 2015ರಲ್ಲಿ ಬಂದ ಮೊದಲ ತಲೆಮಾರಿನ ಪೆನ್ಸಿಲ್ಲನ್ನೇ ಕೊಳ್ಳಬೇಕು, ಜೋಡಿಸಲು ಮತ್ತು ಚಾರ್ಜ್ ಮಾಡಲು ಒಂದು ಅಡಾಪ್ಟರ್ ಬೇಕಾಗುತ್ತದೆ. 2018ರ ಎರಡನೇ ತಲೆಮಾರಿನದೂ 2024ರ ಪೆನ್ಸಿಲ್ ಪ್ರೋ ಕೂಡ ನಿಮ್ಮದಕ್ಕೆ ಹೊಂದುವುದಿಲ್ಲ. ಕಡಿಮೆ ಬೆಲೆಗೆ ಸಿಗುವ ಇತರ ಕಂಪನಿಗಳ ಐಪ್ಯಾಡ್ ಪೆನ್ನುಗಳಲ್ಲಿಯೂ ಸಾಮಾನ್ಯವಾಗಿ ಓರೆ ಇರುತ್ತದೆ, ಒತ್ತಡ ಇರುವುದಿಲ್ಲ.

ಮೊದಲ ಸದಸ್ಯರು: ಟ್ಯಾಬ್ಲೆಟ್ ಬದಲಾಯಿಸಿದೆ ಮೇಡಂ. ಎಸ್ ಪೆನ್ ಜೊತೆಗೇ ಬರುವ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ ಸಿಕ್ಕಿತು. ಇದು ಒತ್ತಡವನ್ನು 4096 ಹಂತಗಳಲ್ಲಿ ಗುರುತಿಸುತ್ತದಂತೆ. 8192 ಹಂತದವೂ ಇವೆ ಎಂದು ಗೆಳೆಯರು ಹೇಳುತ್ತಾರೆ. ಗೆರೆ ಈಗ ದಪ್ಪ-ಸಣ್ಣ ಆಗುತ್ತದೆ, ಆದರೂ ಹುಬ್ಬು ಕುಂಚದ ಹಾಗೆ ಬರುತ್ತಿಲ್ಲ. ಹಂತ ಕಡಿಮೆಯಾದ್ದರಿಂದಲೇ?

ಉತ್ತರ: ಅಲ್ಲ. ಈ ಸಂಖ್ಯೆಯ ಹಿಂದೆ ಬಿದ್ದು ಎಷ್ಟೋ ಜನ ಹಣ ಕಳೆದುಕೊಳ್ಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಲವತ್ತು ಪಿಕ್ಸೆಲ್ ದಪ್ಪದ ಗೆರೆಯಲ್ಲಿ 4096ಕ್ಕೂ 8192ಕ್ಕೂ ಇರುವ ವ್ಯತ್ಯಾಸವನ್ನು ಯಾವ ಕಣ್ಣೂ ಗುರುತಿಸಲಾರದು. ನೋಡಬೇಕಾದದ್ದು ಎರಡು: ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ, ಮತ್ತು ಅಲ್ಲಿಂದ ಪೂರ್ತಿ ದಪ್ಪಕ್ಕೆ ಹೇಗೆ ಏರುತ್ತದೆ. ಮೊದಲನೆಯದು ಪೆನ್ನಿನ ಗುಣ. ಎರಡನೆಯದು ನಿಮ್ಮ ಕೈಯಲ್ಲಿದೆ. ಅದನ್ನು ತಿದ್ದುವುದು ಒತ್ತಡದ ವಕ್ರರೇಖೆಯಿಂದ.

ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ನಲ್ಲಿ ಒಂದು ಚೌಕವೂ ಅದರಲ್ಲಿ ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆಯೂ ಕಾಣುತ್ತವೆ. ಆ ಗೆರೆಯೇ ಒತ್ತಡದ ವಕ್ರರೇಖೆ. ಐಪ್ಯಾಡ್‌ನ ಚಿತ್ರ ಬರೆಯುವ ಆ್ಯಪ್ ಪ್ರೋಕ್ರಿಯೇಟ್‌ನಲ್ಲಿಯೂ ಇಂಥದೇ ಇದೆ. ಅಡ್ಡಕ್ಕೆ ನಿಮ್ಮ ಕೈ ಕೊಟ್ಟ ಒತ್ತಡ, ಉದ್ದಕ್ಕೆ ಗೆರೆಗೆ ಸಿಗುವ ಒತ್ತಡ. ಆ ಗೆರೆಯ ನಡುಭಾಗವನ್ನು ಕೆಳಕ್ಕೆ ಎಳೆದರೆ ಹಗುರ ಒತ್ತಡದ ವಲಯ ಹಿಗ್ಗುತ್ತದೆ. ಸಣ್ಣ ಗೆರೆಯನ್ನು ಹಿಡಿತದಲ್ಲಿಡಲು ಜಾಗ ಸಿಗುತ್ತದೆ. ಮೇಲಕ್ಕೆ ಎಳೆದರೆ ಸ್ವಲ್ಪ ಒತ್ತಿದರೂ ಬೇಗ ದಪ್ಪವಾಗುತ್ತದೆ. ಕುಂಚ ಹಿಡಿದು ಪಳಗಿದವರ ಕೈ ಹಗುರ, ಆದರೆ ಅವರಿಗೆ ಬೇಕಾದ ಸೂಕ್ಷ್ಮವೆಲ್ಲ ಆ ಹಗುರದಲ್ಲಿಯೇ ಇರುತ್ತದೆ. ಹಾಗಾಗಿ ನಿಮಗೆ ಆರಂಭದಲ್ಲಿ ಕೆಳಗೆ ಬಾಗಿ, ಅರ್ಧ ದಾಟಿದ ಮೇಲೆ ಬೇಗ ಮೇಲೇರುವ ವಕ್ರರೇಖೆ ಹೊಂದಬಹುದು.

ಹುಬ್ಬನ್ನೇ ಅಳತೆಗೋಲು ಮಾಡಿಕೊಳ್ಳಿ. ಮೂಗಿನ ಕಡೆಯಿಂದ ಮುಟ್ಟಿಯೂ ಮುಟ್ಟದಂತೆ ಹೊರಡಿ, ನಡು ಬಾಗಿನಲ್ಲಿ ತುಂಬಿಸಿ, ಕಿವಿಯ ಕಡೆಗೆ ಎತ್ತುತ್ತಾ ಮುಗಿಸಿ. ಆರಂಭದಲ್ಲಿಯೇ ಗುಂಡು ಚುಕ್ಕೆ ಬಿದ್ದರೆ ವಕ್ರರೇಖೆಯ ಬುಡವನ್ನು ಇನ್ನಷ್ಟು ಇಳಿಸಿ. ಬಾಲ ನಡುವೆಯೇ ಕಡಿದುಹೋದರೆ ಬುಡವನ್ನು ತುಸು ಎತ್ತಿ, ಇಲ್ಲವೇ ಬ್ರಷ್‌ನ ಕನಿಷ್ಠ ಗಾತ್ರವನ್ನು ಸ್ವಲ್ಪ ಹೆಚ್ಚಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಹುಬ್ಬು ಬರೆದು ನೋಡಿ.

ಇನ್ನೊಂದು ಮಾತು. ಅನೇಕ ಬ್ರಷ್‌ಗಳಲ್ಲಿ ಒತ್ತಡವು ಗಾತ್ರವನ್ನೂ ಗಾಢತೆಯನ್ನೂ ಒಟ್ಟಿಗೆ ಬದಲಿಸುತ್ತದೆ. ರೇಖೆಗೆ ಗಾತ್ರವೊಂದೇ ಸಾಕು, ಗಾಢತೆಯ ಕೊಂಡಿಯನ್ನು ಬಿಡಿಸಿಬಿಡಿ. ಎರಡೂ ಸೇರಿದರೆ ಬಾಲ ಸಣ್ಣಗಾಗುವ ಬದಲು ಮಾಸಿದಂತೆ ಕಾಣುತ್ತದೆ. ಕೆನ್ನೆಯ ಛಾಯೆಗೆ ಇದರ ತಿರುವುಮುರುವು: ಗಾತ್ರ ಸ್ಥಿರವಾಗಿರಲಿ, ಗಾಢತೆ ಮಾತ್ರ ಬದಲಾಗಲಿ.

ಮತ್ತೊಬ್ಬ ಸದಸ್ಯರು: ನಿಧಾನವಾಗಿ ಎಳೆದರೆ ಓರೆ ಗೆರೆಗಳು ಅಲೆಅಲೆಯಾಗುತ್ತವೆ ಮೇಡಂ. ಕೈ ನಡುಗುತ್ತಿದೆಯೇ ಎಂದು ಭಯವಾಯಿತು.

ಉತ್ತರ: ಸ್ಕೇಲ್ ಇಟ್ಟು ನಿಧಾನವಾಗಿ ಓರೆ ಗೆರೆ ಎಳೆಯಿರಿ. ಆಗಲೂ ಅಲೆ ಬಂದರೆ ನಿಮ್ಮ ಕೈಗೆ ಏನೂ ಆಗಿಲ್ಲ. ಪೆನ್ನು ಇರುವ ಜಾಗವನ್ನು ಪರದೆ ನಿಖರವಾಗಿ ಹಿಡಿಯುತ್ತಿಲ್ಲ. ಚಾರ್ಜರ್ ಸಿಕ್ಕಿಸಿಕೊಂಡೇ ಬರೆಯುತ್ತಿದ್ದರೆ ಮೊದಲು ಅದನ್ನು ತೆಗೆಯಿರಿ, ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ಎಸ್ ಪೆನ್ ಬಳಸುವವರಾದರೆ ಅಯಸ್ಕಾಂತವಿರುವ ಕವರ್ ಅನ್ನು ಹಿಂದಕ್ಕೆ ಮಡಚಿದ್ದೀರಾ ನೋಡಿ. ಆ ಜಾಗದಲ್ಲಿ ಗೆರೆ ಪಕ್ಕಕ್ಕೆ ಸರಿಯುವುದುಂಟು. ಕೊನೆಯ ಉಪಾಯ ಸ್ಟೆಬಿಲೈಸರ್, ಅಂದರೆ ಗೆರೆಯ ಅಲುಗಾಟವನ್ನು ಆ್ಯಪ್ ತಾನೇ ನಯಗೊಳಿಸುವ ಸೌಲಭ್ಯ. ಅದನ್ನು ಮಿತವಾಗಿ ಇಡಿ. ಹೆಚ್ಚಾದರೆ ಕನ್ನಡ ಅಕ್ಷರ ಬರೆಯುವಾಗ ಒತ್ತಕ್ಷರದ ಸಣ್ಣ ಸುಳಿಗಳು ಉರುಟಾಗಿ ರೂಪವೇ ಕೆಡುತ್ತದೆ.

ಒಬ್ಬ ತಾಯಿ: ನನ್ನ ಮಗಳು ಪಿಯುಸಿ. ದಿನವೂ ಬರೆಯುತ್ತಾಳೆ, ತುಂಬಾ ಒತ್ತುತ್ತಾಳೆ. ಹೆಬ್ಬೆರಳ ಬುಡ ನೋಯುತ್ತದೆ ಅನ್ನುತ್ತಾಳೆ. ಗಾಜಿಗೂ ಏನಾದರೂ ಆಗುತ್ತದೆಯೇ?

ಉತ್ತರ: ಮೊದಲು ಬೆರಳು, ಆಮೇಲೆ ಗಾಜು. ಅವಳ ಟ್ಯಾಬ್ಲೆಟ್‌ನಲ್ಲಿ ವಕ್ರರೇಖೆಯನ್ನು ಮೇಲಕ್ಕೆ ಬಾಗಿಸಿ, ಅರ್ಧ ಒತ್ತಡಕ್ಕೇ ಪೂರ್ತಿ ದಪ್ಪ ಸಿಗುವಂತೆ ಮಾಡಿ. ಒತ್ತಿದರೂ ಹೆಚ್ಚೇನೂ ಆಗುವುದಿಲ್ಲ ಎಂದು ಕೈಗೆ ತಿಳಿದ ಮೇಲೆ ಹಿಡಿತ ಸಡಿಲವಾಗುತ್ತದೆ. ಪೆನ್ನು ತೆಳುವಾಗಿದ್ದರೆ ಮೆತ್ತನೆಯ ಹಿಡಿಕೆಯೊಂದನ್ನು ತೊಡಿಸಿ. ಗಾಜು ಜಾರುತ್ತದೆಂದು ಬಿಗಿಯಾಗಿ ಹಿಡಿಯುವ ಅಭ್ಯಾಸವೂ ಇರಬಹುದು. ಒರಟು ಮೇಲ್ಮೈಯ ಪರದೆ ಹಾಳೆ ಅಂಟಿಸಿದರೆ ಕಾಗದದ ಹಾಗೆ ಹಿಡಿಯುತ್ತದೆ. ಆದರೆ ಚಿತ್ರದ ಸ್ಪಷ್ಟತೆ ತುಸು ಕುಗ್ಗುತ್ತದೆ, ನಿಬ್ ಬೇಗ ಸವೆಯುತ್ತದೆ. ಸವೆದು ಚಪ್ಪಟೆಯಾದ ನಿಬ್ಬನ್ನು ಕೂಡಲೇ ಬದಲಿಸಿ, ಒಳಗಿನ ಲೋಹ ಹೊರಬಂದರೆ ಪರದೆ ಗೀರುತ್ತದೆ. ಅರ್ಧ ಗಂಟೆಗೊಮ್ಮೆ ಪೆನ್ನು ಕೆಳಗಿಡಿಸಿ. ಇಷ್ಟಾದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಮೊದಲ ಸದಸ್ಯರು: ವಕ್ರರೇಖೆ ಬದಲಿಸಿ ಬರೆದೆ ಮೇಡಂ, ಹುಬ್ಬು ಬಂತು. ಇದನ್ನು ಮುದ್ರಣಕ್ಕೆ ಕೊಡಬಹುದೇ?

ಉತ್ತರ: ಕೊಡಬಹುದು, ಕ್ಯಾನ್ವಾಸ್ ಮೊದಲೇ ದೊಡ್ಡದಿದ್ದರೆ. ಎ4 ಅಳತೆಗೆ 300 ಡಿಪಿಐ (ಒಂದು ಅಂಗುಲಕ್ಕೆ 300 ಚುಕ್ಕೆ) ಅಂದರೆ 2480 ಗುಣಿಸು 3508 ಪಿಕ್ಸೆಲ್. ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಒಂದು ವಿಷಯ ನೆನಪಿರಲಿ: ಕ್ಯಾನ್ವಾಸ್ ದೊಡ್ಡದಾದಾಗ ಬ್ರಷ್ ಗಾತ್ರವನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಕು. ಒತ್ತಡದ ವಕ್ರರೇಖೆಯನ್ನು ಮಾತ್ರ ಮುಟ್ಟಬೇಡಿ, ಅದು ನಿಮ್ಮ ಕೈಗೆ ಹೊಂದಿಸಿದ್ದು.