‘ದೃಢೀಕರಣ’: ಯಾರು ಯಾರನ್ನು ದೃಢೀಕರಿಸುವುದು?

ಪ್ರಶ್ನೆ

ಮಾನ್ಯರೇ, ಕುಂಬಳೆ, ಮಂಜೇಶ್ವರ ಕಡೆಯ ಗ್ರಂಥಾಲಯಗಳಲ್ಲಿ ಹಂಚಲಿಕ್ಕೆ ಮೊಬೈಲ್ ಬಳಕೆಯ ಬಗ್ಗೆ ಒಂದು ಕನ್ನಡ ಕೈಪಿಡಿ ತಯಾರಾಗುತ್ತಾ ಉಂಟು. ಮೂಲ ಮಲಯಾಳದಲ್ಲಿದೆ. ಮೂರು ಕಡೆ ಪದಕ್ಕೆ ತಡವರಿಸುವಂತಾಗಿದೆ. ಅಥೆಂಟಿಕೇಶನ್‌ಗೆ ‘ದೃಢೀಕರಣ’ ಸಾಕೇ? ಪ್ರೈವಸಿಗೆ ಮಲಯಾಳದ್ದನ್ನೇ ‘ಸ್ವಕಾರ್ಯತೆ’ ಎಂದು ಉಳಿಸಿಕೊಳ್ಳಬಹುದೇ, ಇಲ್ಲ ‘ಗೌಪ್ಯತೆ’ ಆಗಬಹುದೇ? ಸೆಕ್ಯುರಿಟಿ ಎಂದರೆ ಭದ್ರತೆಯೋ ಸುರಕ್ಷತೆಯೋ?

ಉತ್ತರ

ಸುಲಭದ್ದನ್ನು ಮೊದಲು ಮುಗಿಸೋಣ. ಮೊಬೈಲ್ ಜಾಲದಲ್ಲಿ (ನೆಟ್‌ವರ್ಕಿನಲ್ಲಿ) ಮಾಡಿಟ್ಟ ಏರ್ಪಾಟಿಗೆ ಭದ್ರತೆ, ಬಳಸುವವರ ಕ್ಷೇಮಕ್ಕೆ ಸುರಕ್ಷತೆ. ಮಲಯಾಳದಲ್ಲಿ ಎರಡಕ್ಕೂ ‘ಸುರಕ್ಷ’ ನಡೆಯುತ್ತದೆ, ಹಾಗಾಗಿ ಅನುವಾದಿಸುವಾಗ ಪ್ರತಿ ವಾಕ್ಯದಲ್ಲೂ ಯಾವುದೆಂದು ನೋಡಿಕೊಳ್ಳಬೇಕು. ‘ಸ್ವಕಾರ್ಯತೆ’ ಬೇಡ. ಸ್ವಾಮಿಕಾರ್ಯ, ಸ್ವಕಾರ್ಯ ಎನ್ನುವಾಗ ಸ್ವಕಾರ್ಯ ಎಂದರೆ ನಮಗೆ ಸ್ವಂತ ಕೆಲಸ. ಕಾಸರಗೋಡಿನಲ್ಲಿ ಅಭ್ಯಾಸಬಲದಿಂದ ಅರ್ಥವಾದೀತು, ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಆಗಲಿಕ್ಕಿಲ್ಲ.

‘ದೃಢೀಕರಣ’ದ್ದು ಇಷ್ಟು ಸುಲಭವಲ್ಲ. ಈ ಪದ ನಮಗೆ ಬಂದದ್ದು ಕಚೇರಿಯಿಂದ: ದೃಢೀಕೃತ ಪ್ರತಿ, ದೃಢೀಕರಣ ಪತ್ರ. ಅಧಿಕಾರಿ ಮೊಹರು ಒತ್ತುತ್ತಾನೆ, ಅರ್ಜಿದಾರ ಕಾಯುತ್ತಾನೆ. ಅಧಿಕಾರಿ ಯಾರೆಂದು ಯಾರೂ ಕೇಳುವುದಿಲ್ಲ. 2ಜಿ ಜಾಲದ ಲೋಪವೂ ಸರಿಯಾಗಿ ಇದೇ. ಅಲ್ಲಿ ಜಾಲ ಫೋನಿಗೆ 128 ಬಿಟ್‌ನ (ಸೊನ್ನೆ-ಒಂದುಗಳ 128 ಸ್ಥಾನದ), ಮೊದಲೇ ಊಹಿಸಲಾಗದ ಒಂದು ಸಂಖ್ಯೆ ಕಳಿಸುತ್ತದೆ. ಸಿಮ್ ತನ್ನೊಳಗಿನ ಗುಪ್ತ ಕೀಲಿಯನ್ನು ಅದಕ್ಕೆ ಸೇರಿಸಿ ಲೆಕ್ಕಹಾಕಿ 32 ಬಿಟ್‌ನ ಉತ್ತರ ಕೊಡುತ್ತದೆ. ಜಾಲವೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕೀಲಿ ಗಾಳಿಗೆ ಬೀಳುವುದೇ ಇಲ್ಲ, ಅಷ್ಟರಮಟ್ಟಿಗೆ ಚೆಂದದ ಏರ್ಪಾಟು. ಆದರೆ ಪ್ರಶ್ನೆ ಕೇಳಿದ ಟವರು ನಿಜವಾದದ್ದೇ ಎಂದು ಸಿಮ್ ಕೇಳಲಿಕ್ಕೆ ದಾರಿ ಇಲ್ಲ. ನಕಲಿ ಟವರು ಏನೋ ಒಂದು ಸಂಖ್ಯೆ ಕಳಿಸಿ, ಬಂದ ಉತ್ತರವನ್ನು ಬದಿಗೆಸೆದು, ‘ಗೂಢಲಿಪಿ (ಎನ್‌ಕ್ರಿಪ್ಶನ್) ಬೇಡ’ ಎಂದು ಆಜ್ಞೆ ಕೊಟ್ಟರೆ ಫೋನ್ ಒಪ್ಪಿಬಿಡುತ್ತದೆ.

3ಜಿಯಿಂದ ಇದು ಬದಲಾಯಿತು. ಪ್ರಶ್ನೆಯ ಜೊತೆಗೆ ಜಾಲ 128 ಬಿಟ್‌ನ ಇನ್ನೊಂದು ಚೀಟಿ ಕಳಿಸಬೇಕು. ಅದರಲ್ಲಿ 48 ಬಿಟ್ ಸರಣಿಸಂಖ್ಯೆ, 16 ಬಿಟ್ ನಿರ್ವಹಣೆಗೆ, ಉಳಿದ 64 ಬಿಟ್ ಅದೇ ಗುಪ್ತ ಕೀಲಿಯಿಂದ ಮಾಡಿದ ಮುದ್ರೆ. ಸಿಮ್ ಮೊದಲು ಮುದ್ರೆಯನ್ನು ತನ್ನ ಕೀಲಿಯಿಂದ ಪರೀಕ್ಷಿಸುತ್ತದೆ. ಹೊಂದದಿದ್ದರೆ ಉತ್ತರ ಕೊಡುವುದೇ ಇಲ್ಲ. ಮುದ್ರೆ ಸರಿ, ಸರಣಿಸಂಖ್ಯೆ ಹಳತು ಎಂದಾದರೆ ಯಾರೋ ಹಿಂದಿನದ್ದನ್ನು ಹಿಡಿದಿಟ್ಟು ಮತ್ತೆ ಬಿಡುತ್ತಿರಬಹುದು, ಇಲ್ಲವೇ ಎರಡು ಕಡೆಯ ಎಣಿಕೆ ತಪ್ಪಿರಬಹುದು; ಆಗ ಎಣಿಕೆ ಸರಿಮಾಡಿಕೊಳ್ಳಲು ಹೇಳುತ್ತದೆ. ಎರಡೂ ಸರಿಯಿದ್ದರೆ ಮಾತ್ರ ತನ್ನ ಉತ್ತರ. ಈ ಅನುಕ್ರಮ ಓದುವವರಿಗೆ ಕಾಣಬೇಕು. ‘ಜಾಲವು ಬಳಕೆದಾರನನ್ನು ದೃಢೀಕರಿಸುತ್ತದೆ’ ಎಂದು ಬರೆದರೆ ಅರ್ಧ ಸಂಗತಿ ಬಿದ್ದುಹೋಯಿತು.

ಹಾಗಾಗಿ ‘ರುಜುವಾತು’ ಬಳಸಿ ಎಂದು ನನ್ನ ಸಲಹೆ. ‘ರುಜುವಾತುಪಡಿಸು’ ಎಂದ ಕೂಡಲೇ ಯಾರು, ಯಾರಿಗೆ, ಏನನ್ನು ಎಂದು ಹೇಳಲೇಬೇಕಾಗುತ್ತದೆ: ‘ಜಾಲ ಮೊದಲು ಸಿಮ್‌ಗೆ ತನ್ನ ಗುರುತು ರುಜುವಾತುಪಡಿಸಬೇಕು, ಆಮೇಲೆ ಸಿಮ್ ಜಾಲಕ್ಕೆ.’ ಫೋನಿನ ಕನ್ನಡ ಸೆಟ್ಟಿಂಗ್‌ಗಳಲ್ಲಿ ಕ್ರೆಡೆನ್ಶಿಯಲ್‌ಗೂ ರುಜುವಾತು ಎಂದೇ ಉಂಟು. ಅದು ತೊಡಕಲ್ಲ. ತೋರಿಸುವ ವಸ್ತು ರುಜುವಾತು, ತೋರಿಸುವ ಕ್ರಿಯೆ ರುಜುವಾತುಪಡಿಸುವುದು. ಬರೀ ಹೆಸರು ಹೇಳುವುದು ಗುರುತು, ರುಜುವಾತಾದ ಮೇಲೆ ಯಾವ ಸೇವೆ ಸಿಗುತ್ತದೆ ಎಂಬುದು ಅನುಮತಿ. ಈ ಮೂರನ್ನೂ ‘ದೃಢೀಕರಣ’ದ ಒಂದೇ ಚೀಲಕ್ಕೆ ತುಂಬಬೇಡಿ.

ಇದಕ್ಕೇ ಹೊಂದಿಕೊಂಡು ಇನ್ನೊಂದು. ಉಪ್ಪಳದಲ್ಲಿ ತೆಗೆದ ಕೇರಳ ಸರ್ಕಲಿನ ಸಿಮ್ ಮಂಗಳೂರಿಗೆ ಹೋದಾಗ ಪರೀಕ್ಷಿಸಬೇಕಾದದ್ದು ಅಲ್ಲಿಯ ಜಾಲ, ಆದರೆ ಕೀಲಿ ಇರುವುದು ಸಿಮ್ ಕೊಟ್ಟ ಜಾಲದಲ್ಲಿ. ಅವರು ಕೀಲಿಯನ್ನು ಕೊಡುವುದಿಲ್ಲ. ಕೇಳಬೇಕಾದ ಪ್ರಶ್ನೆ, ಬರಬೇಕಾದ ಉತ್ತರ, ಆ ಹೊತ್ತಿಗೆ ಬೇಕಾದ ತಾತ್ಕಾಲಿಕ ಕೀಲಿ, ಇಷ್ಟನ್ನೇ ಲೆಕ್ಕಹಾಕಿ ಕಳಿಸುತ್ತಾರೆ. ಈ ಹೋಮ್ ನೆಟ್‌ವರ್ಕ್‌ಗೆ ‘ತವರು ಜಾಲ’ ಚೆನ್ನಾಗಿ ಕೂರುತ್ತದೆ. ‘ಮನೆ ಜಾಲ’ ಎಂದರೆ ಮನೆಯ ವೈಫೈ ಎಂದುಕೊಳ್ಳುತ್ತಾರೆ.

ಇನ್ನು ಪ್ರೈವಸಿ. ಗೋಪ್ಯ ಎಂದರೆ ಮುಚ್ಚಿಡತಕ್ಕದ್ದು, ಅದರಿಂದ ಗೋಪ್ಯತೆ. ‘ಗೌಪ್ಯತೆ’ ಎಷ್ಟು ಬಳಕೆಯಲ್ಲಿದ್ದರೂ ವ್ಯಾಕರಣಕ್ಕೆ ಗೋಪ್ಯತೆಯೇ ಸರಿ. ಮಂತ್ರಿಗಳು ‘ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ’ ತೆಗೆದುಕೊಳ್ಳುವುದು ಇದರದ್ದೇ. ಆದರೆ ಅದು ಪ್ರೈವಸಿ ಅಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಮೂಲಭೂತ ಹಕ್ಕೆಂದು ಒಪ್ಪಿದ್ದು ಖಾಸಗಿತನವನ್ನು.

ಎರಡರ ವ್ಯತ್ಯಾಸಕ್ಕೆ 4ಜಿಯೇ ಒಳ್ಳೆಯ ಉದಾಹರಣೆ. ಮಾತು, ಸಂದೇಶ ಗೂಢಲಿಪಿಯಲ್ಲಿ ಹೋಗುತ್ತವೆ, ಅಂದರೆ ಗೋಪ್ಯತೆ ಉಂಟು. ಆದರೆ ಸಿಮ್‌ಗೆ ಒಂದು ಕಾಯಂ ಸಂಖ್ಯೆ ಇದೆ, ಐಎಂಎಸ್ಐ. ಭಾರತದ್ದಾದರೆ 404 ಅಥವಾ 405ರಿಂದ ಶುರುವಾಗುತ್ತದೆ. ಟವರು ‘ಪೂರ್ತಿ ಸಂಖ್ಯೆ ಹೇಳು’ ಎಂದರೆ ರುಜುವಾತು ನಡೆಯುವ ಮೊದಲೇ ಫೋನ್ ಅದನ್ನು ಬಯಲಲ್ಲಿ ಹೇಳಿಬಿಡುತ್ತದೆ. ಯಾರು ಎಲ್ಲಿದ್ದಾರೆ ಎಂದು ತಿಳಿಯಲು ಅಷ್ಟು ಸಾಕು, ಮಾತು ಕದ್ದು ಕೇಳಬೇಕೆಂದೇ ಇಲ್ಲ. ಗೋಪ್ಯತೆ ಇದ್ದೂ ಖಾಸಗಿತನ ಹೋಯಿತು. 5ಜಿಯಲ್ಲಿ ದೇಶ ಮತ್ತು ಕಂಪನಿಯ ಅಂಕೆಗಳನ್ನು ಬಿಟ್ಟು ಉಳಿದದ್ದನ್ನು ತವರು ಜಾಲದ ಸಾರ್ವಜನಿಕ ಕೀಲಿಯಿಂದ (ಮುಚ್ಚಲಿಕ್ಕೆ ಯಾರಿಗೂ ಆಗುವ, ಬಿಚ್ಚಲಿಕ್ಕೆ ತವರು ಜಾಲಕ್ಕೆ ಮಾತ್ರ ಆಗುವ ಕೀಲಿ) ಮುಚ್ಚಿ, ಪ್ರತಿ ಸಲ ಬೇರೆಯಾಗಿ ಕಾಣುವಂತೆ ಕಳಿಸುವ ಏರ್ಪಾಟು ಬಂದಿದೆ. 4ಜಿ ಬೆನ್ನೆಲುಬಿನ ಮೇಲೆ ಕೂತ 5ಜಿಯಲ್ಲಿ ಮಾತ್ರ ಇದು ಸಿಗುವುದಿಲ್ಲ. ಕೈಪಿಡಿಯಲ್ಲಿ ‘5ಜಿ ಎಂದರೆ ಖಾಸಗಿತನ ಖಾತರಿ’ ಎಂದು ಬರೆಯಬೇಡಿ.

‘ದೃಢೀಕರಿಸಿ’ ಬಿಡಬೇಕು ಎನ್ನಲಿಕ್ಕೆ ಇನ್ನೊಂದು ಕಾರಣ, ನನ್ನ ಮಟ್ಟಿಗೆ ಅದೇ ಮುಖ್ಯ. ‘ನಿಮ್ಮ ಖಾತೆ ದೃಢೀಕರಿಸಬೇಕು, ಒಟಿಪಿ ಹೇಳಿ’ ಎನ್ನುವುದು ಮೋಸಗಾರರ ಮಾತು. ಪದದಲ್ಲೇ ಕಚೇರಿಯ ಗತ್ತು ಇರುವುದರಿಂದ ಜನ ಹೇಳಿಬಿಡುತ್ತಾರೆ. ಕೈಪಿಡಿಯಲ್ಲಿ ಹೀಗೆ ಬರೆಯಿರಿ: ‘ಬ್ಯಾಂಕಿನವರು ಎಂದು ಹೇಳಿ ಕರೆ ಮಾಡಿದವರು ತಮ್ಮ ಗುರುತನ್ನು ನಿಮಗೆ ರುಜುವಾತುಪಡಿಸಿಲ್ಲ. ಕರೆ ಕಡಿದು, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಕರೆ ಮಾಡಿ. ಒಟಿಪಿ ಯಾರಿಗೂ ಹೇಳಬೇಡಿ.’ ಆಂಡ್ರಾಯ್ಡ್ 12 ಮತ್ತು ನಂತರದ ಹಲವು ಫೋನುಗಳಲ್ಲಿ ಸಿಮ್ ಸೆಟ್ಟಿಂಗಿನಲ್ಲಿ 2ಜಿಯನ್ನು ಆಫ್ ಮಾಡಬಹುದು ಎಂಬುದನ್ನೂ ಸೇರಿಸಿ. ತುರ್ತು ಕರೆಗೆ ಅದರಿಂದ ಅಡ್ಡಿಯಿಲ್ಲ.

ಸಿಮ್, ಪಿನ್, ಪಿಯುಕೆ, ಒಟಿಪಿ ಇವನ್ನು ಕನ್ನಡಿಸುವುದು ಬೇಡ. ಅಂಗಡಿಯಲ್ಲಿ ಕೇಳುವ ಪದವೇ ಪುಸ್ತಕದಲ್ಲೂ ಇರಲಿ. ಸಿಮ್ ಪಿನ್ ಮೂರು ಸಲ ತಪ್ಪಿದರೆ ಬೀಗ ತೆಗೆಯಲು 8 ಅಂಕೆಯ ಪಿಯುಕೆ ಬೇಕು, ಪಿಯುಕೆ ಹತ್ತು ಸಲ ತಪ್ಪಿದರೆ ಆ ಸಿಮ್ ಮತ್ತೆ ಕೆಲಸಕ್ಕೆ ಬಾರದು. ಮೂರು, ಹತ್ತು ಎಂಬ ಈ ಎರಡು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.