ಹಗೆಯಿಂದ ಶುರುವಾಗುವ ಚೀನೀ ಐತಿಹಾಸಿಕ ಪ್ರೇಮಕಥೆಗಳು: ಯಾವುದು ನೋಡಲಿ?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮೊದಲ ಸಲ ಒಂದು ಚೀನೀ ಐತಿಹಾಸಿಕ ಧಾರಾವಾಹಿ ನೋಡಿದೆ. ಕತ್ತಿ ಹಿಡಿದು ಎದುರಾದ ಇಬ್ಬರು ನಿಧಾನವಾಗಿ ಹತ್ತಿರವಾಗೋದು ತುಂಬಾ ಹಿಡಿಸಿತು, ಆದರೆ ಆ ಹಗೆ ನಾಲ್ಕೇ ಕಂತಲ್ಲಿ ಕರಗಿಹೋಯಿತು. ಹಗೆಗೆ ಗಟ್ಟಿ ಕಾರಣ ಇರುವ ಕಥೆ ಬೇಕು. ಅಮ್ಮನೂ ಜೊತೆಗೆ ಕೂರುತ್ತಾರೆ, ತುಂಬಾ ಅಳಿಸುವ ಕೊನೆ ಇದ್ದರೆ ಅವರಿಗೆ ಆಗಲ್ಲ. ನೋಡಿದವರು ಹೇಳಿ.

*

ನಿಮಗೆ ಬೇಕಾಗಿರೋದು 'ದಿ ಲಾಂಗ್ ಬ್ಯಾಲಡ್' (2021, 49 ಕಂತು). ಇಲ್ಲಿ ಹಗೆ ಸುಮ್ನೆ ಮಾತಿನ ಜಗಳ ಅಲ್ಲ. 626ರಲ್ಲಿ ಚೀನಾದ ಟ್ಯಾಂಗ್ ರಾಜವಂಶದ ರಾಜಧಾನಿಯ ಶ್ವಾನ್‌ವು ಬಾಗಿಲಲ್ಲಿ ಲಿ ಶಿಮಿನ್ ತನ್ನ ಅಣ್ಣ, ಅಂದರೆ ಯುವರಾಜನನ್ನು ಕೊಂದು ಸಿಂಹಾಸನದ ದಾರಿ ಮಾಡಿಕೊಂಡ. ಅದು ನಿಜವಾದ ಇತಿಹಾಸ. ಆ ಯುವರಾಜನ ಮಗಳು ಲಿ ಚಾಂಗ್‌ಗ ತಪ್ಪಿಸಿಕೊಂಡು ಗಂಡುವೇಷದಲ್ಲಿ ಓಡುತ್ತಾಳೆ ಅನ್ನೋದು ಕಲ್ಪನೆ. ದಿಲ್‌ರಬಾ ಈ ಪಾತ್ರ ಮಾಡಿದ್ದಾರೆ. ಅವಳಿಗೆ ಎದುರಾಗುವವನು ತುರ್ಕ್ ಸೇನೆಯ ನಾಯಕ ಅಶಿಲ ಸುನ್, ಆ ಪಾತ್ರದಲ್ಲಿ ನಟ ವೂ ಲೇ. ಶುವೋಝೌ ಅನ್ನೋ ಊರಿಗೆ ಇವನು ಮುತ್ತಿಗೆ ಹಾಕಿದ್ದಾನೆ, ಒಳಗಿಂದ ಅವಳು ಊರನ್ನ ಕಾಯುತ್ತಿದ್ದಾಳೆ, ಇಬ್ಬರಿಗೂ ಎದುರಾಳಿಯ ಬುದ್ಧಿ ಎಂಥದ್ದು ಅಂತ ಚೆನ್ನಾಗಿ ಗೊತ್ತು. ಕೊನೆಗೆ ಊರಿನ ಜನ ಬದುಕಲಿ ಅಂತ ಅವಳೇ ಹೋಗಿ ಶರಣಾಗುತ್ತಾಳೆ. ಅವನು ಅವಳನ್ನ ಕೊಲ್ಲಲ್ಲ, ಅವಮಾನ ಮಾಡಲ್ಲ, ತನ್ನ ಯುದ್ಧತಂತ್ರಕ್ಕೆ ಸಲಹೆಗಾರ್ತಿಯಾಗಿ ಇಟ್ಟುಕೊಳ್ಳುತ್ತಾನೆ. ನನಗೆ ಈ ಜೋಡಿ ಇಷ್ಟವಾಗೋಕೆ ಅದೇ ಕಾರಣ. ಪ್ರೀತಿಗಿಂತ ಎಷ್ಟೋ ಮೊದಲು ಅಲ್ಲಿ ಮರ್ಯಾದೆ ಹುಟ್ಟಿರುತ್ತೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಇದು ಚೀನೀ ಕಾಮಿಕ್ಸ್‌ನಿಂದ ಬಂದದ್ದು, ಕೆಲವು ಹೊಡೆದಾಟದ ದೃಶ್ಯ ಇದ್ದಕ್ಕಿದ್ದಂತೆ ಕಾರ್ಟೂನ್ ಆಗಿಬಿಡುತ್ತೆ. ಮೊದಲ ಸಲ ಟಿವಿ ಕೆಟ್ಟಿತೇನೋ ಅಂದುಕೊಂಡೆ.

ಇನ್ನು ಚೀನೀಯಲ್ಲಿ 'ಯುವಾನ್‌ಜ್ಯಾ' ಅಂತ ಒಂದು ಪದ ಇದೆ. ವೈರಿ ಅಂತಲೂ ಅರ್ಥ, ಮನಸ್ಸಿಗೆ ಹತ್ತಿರದವರನ್ನ ಪ್ರೀತಿಯಿಂದ ಬೈದು ಕರೆಯೋಕೂ ಅದೇ ಪದ. ಯುವಾನ್‌ಜ್ಯಾ ಅಲ್ಲದವರು ಒಟ್ಟಿಗೆ ಸೇರೋದೇ ಇಲ್ಲ ಅನ್ನೋ ಗಾದೆಯೂ ಅಲ್ಲಿದೆ. ನಮ್ಮಲ್ಲಿ ಋಣಾನುಬಂಧ ಅಂತೀವಲ್ಲ, ಅದನ್ನ ಜಗಳದ ಕಡೆಯಿಂದ ನೋಡಿದ ಹಾಗೆ. ಇದು ಗೊತ್ತಾದಮೇಲೆ ಇಂಥ ಕಥೆಗಳು ಯಾಕೆ ಅಲ್ಲಿ ಅಷ್ಟೊಂದು ಬರುತ್ತವೆ ಅಂತ ನನಗೆ ಅರ್ಥವಾಯಿತು.

*

ಅಮ್ಮ ಜೊತೆಗಿದ್ದರೆ ದಯವಿಟ್ಟು 'ಗುಡ್‌ಬೈ ಮೈ ಪ್ರಿನ್ಸೆಸ್' (2019) ಹಾಕಬೇಡಿ. ಹಗೆಗೆ ಕಾರಣ ಬೇಕು ಅಂದರೆ ಅದಕ್ಕಿಂತ ದೊಡ್ಡದು ನಾನು ಎಲ್ಲೂ ನೋಡಿಲ್ಲ, ನಿಜ. ಮರುಭೂಮಿ ಕಡೆಯ ರಾಜಕುಮಾರಿ ಶ್ಯಾವ್‌ಫೆಂಗ್‌ಗೆ ವ್ಯಾಪಾರಿ ವೇಷದ ಒಬ್ಬ ಹುಡುಗ ಸಿಗುತ್ತಾನೆ. ಅವಳಿಗೋಸ್ಕರ ನೂರು ಮಿಂಚುಹುಳ ಹಿಡಿಯುತ್ತಾನೆ. ಆ ಕತ್ತಲಲ್ಲಿ ಹುಳಗಳು ಹಾರಿಹೋಗುವಾಗ ಅವಳ ಮುಖ ನೋಡಬೇಕು, ಅಷ್ಟು ನಂಬಿಕೆ. ಅದೇ ಹುಡುಗ ಮದುವೆಯ ದಿನ ಅವಳ ಅಜ್ಜನ ಕುಲದ ಮೇಲೆ ಸೇನೆ ತರುತ್ತಾನೆ. ಆಮೇಲೆ ಇಬ್ಬರೂ ಒಂದು ನದಿಗೆ ಹಾರಿ ಎಲ್ಲವನ್ನೂ ಮರೆಯುತ್ತಾರೆ, ಮತ್ತೆ ಅರಮನೆಯಲ್ಲಿ ಗಂಡ ಹೆಂಡತಿಯಾಗಿ ಎದುರಾಗುತ್ತಾರೆ. ಅವರಿಗೆ ನೆನಪಿಲ್ಲ, ನಮಗೆ ನೆನಪಿದೆ. ಅವನು ನಕ್ಕಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ. ಕೊನೆ ನೋಡಿ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಕೆಲವು ಹಗೆ ಪ್ರೀತಿಯಿಂದ ತೀರಲ್ಲ ಅಂತ ಒಪ್ಪಿಕೊಂಡ ಕಥೆ ಅದು, ಅದಕ್ಕೇ ನನಗೆ ಅದರ ಮೇಲೆ ಗೌರವ. ಒಬ್ಬರೇ ಇದ್ದಾಗ ನೋಡಿ.

'ಪ್ರಿನ್ಸೆಸ್ ಏಜೆಂಟ್ಸ್' (2017) ಬಗ್ಗೆಯೂ ಎಚ್ಚರ. 58 ಕಂತು ನೋಡಿದಮೇಲೆ ಹೆಪ್ಪುಗಟ್ಟಿದ ಸರೋವರದಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತೆ.

*

ಅಮ್ಮನಿಗೆ 'ದಿ ರೊಮಾನ್ಸ್ ಆಫ್ ಟೈಗರ್ ಅಂಡ್ ರೋಸ್' (2020) ಸರಿಹೋಗುತ್ತೆ, 24 ಕಂತು ಅಷ್ಟೇ. ಸ್ಕ್ರಿಪ್ಟ್ ಬರೆಯೋ ಹುಡುಗಿ ತಾನೇ ಬರೆದ ಕಥೆಯೊಳಗೆ ಕಣ್ಣು ಬಿಡುತ್ತಾಳೆ, ಅದೂ ಮೂರನೇ ಕಂತಲ್ಲಿ ಸಾಯಬೇಕಾದ ಪಾತ್ರವಾಗಿ. ಕೊಲ್ಲೋಕೆ ಬಂದಿರೋನು ನಾಯಕನೇ. ಹೆಂಗಸರೇ ಆಳುವ ಊರು ಅದು. ನನ್ನ ಅತ್ತೆ ನಕ್ಕು ನಕ್ಕು ಸುಸ್ತಾದರು. ಹಗೆ ಮಾತ್ರ ನೀವು ಕೇಳಿದಷ್ಟು ಆಳ ಇಲ್ಲ.

ಆಳವೂ ಬೇಕು, ಕೊನೆಯೂ ಚೆನ್ನಾಗಿರಬೇಕು ಅಂದರೆ 'ಸ್ಟೋರಿ ಆಫ್ ಕುನ್‌ನಿಂಗ್ ಪ್ಯಾಲೇಸ್' (2023, 38 ಕಂತು). ರಾಣಿಯಾಗಿ ಸತ್ತ ಶ್ವೆನಿಂಗ್‌ಗೆ ತನ್ನ ಹರೆಯದಿಂದ ಮತ್ತೆ ಬದುಕೋ ಅವಕಾಶ ಸಿಗುತ್ತೆ. ಹಿಂದಿನ ಬದುಕಲ್ಲಿ ಅವಳ ಸಾವಿಗೆ ಕಾರಣನಾದ ಷಿಯೆ ವೇ ಈಗ ಅವಳಿಗೆ ಗುಚಿನ್ ವಾದ್ಯ ಕಲಿಸುವ ಗುರು. ಅವನ ಮುಂದೆ ತಂತಿ ಮೀಟೋಕೆ ಕೂತರೆ ಅವಳಿಗೆ ಜೀವಭಯ, ಅವನಿಗೋ ಈ ಹುಡುಗಿ ಯಾಕೆ ಇಷ್ಟು ಹೆದರುತ್ತಾಳೆ ಅಂತ ಗೊತ್ತೇ ಇಲ್ಲ. ಹಗೆ ಒಬ್ಬರಿಗೆ ಮಾತ್ರ ನೆನಪಿದ್ದರೆ ಹೇಗಿರುತ್ತೆ ಅಲ್ವಾ? ಹಿಂಸೆ ಅಲ್ಲಲ್ಲಿ ಇದೆ, ಅಮ್ಮನಿಗೆ ಮೊದಲೇ ಹೇಳಿಡಿ.

*

(ಕೇಳಿದವರು) ತುಂಬಾ ಥ್ಯಾಂಕ್ಸ್! ಲಾಂಗ್ ಬ್ಯಾಲಡ್ ಅಂತ ತೀರ್ಮಾನ ಆಯ್ತು. ಒಂದು ಸಣ್ಣ ಪ್ರಶ್ನೆ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋದು ಕಷ್ಟ. ಹಿಂದಿ ಡಬ್ ಸಿಕ್ಕರೆ ನೋಡಬಹುದಾ, ಏನಾದರೂ ತಪ್ಪಿಹೋಗುತ್ತಾ?

*

ನಾನಾದರೆ ಮೂಲ ದನಿಯಲ್ಲೇ ಹಾಕಿ, ಸಬ್‌ಟೈಟಲ್ ನೋಡ್ಕೊಂಡು ಅಮ್ಮನಿಗೆ ಕನ್ನಡದಲ್ಲಿ ಹೇಳ್ತೀನಿ. ನಮ್ಮ ಮನೆಯಲ್ಲಿ ಹಾಗೇ ನಡೆಯುತ್ತೆ. ಕೈಯಲ್ಲಿ ಸೊಪ್ಪು ಬಿಡಿಸೋ ಕೆಲಸ ಮಾತ್ರ ಇಟ್ಕೋಬೇಡಿ, ಒಂದು ಸಾಲು ತಪ್ಪಿದರೆ ಯಾರು ಯಾರ ಕಡೆ ಅಂತಲೇ ಗೊತ್ತಾಗಲ್ಲ. ಇಂಥ ಕಥೆಗಳಲ್ಲಿ ದೂರ, ಸಲಿಗೆ ಎಲ್ಲ ಕರೆಯೋ ರೀತಿಯಲ್ಲೇ ಇರುತ್ತೆ, ಇಂಗ್ಲಿಷಲ್ಲಿ ಅದು ಅರ್ಧಕ್ಕರ್ಧ ಕಾಣೆಯಾಗುತ್ತೆ. ಆದರೆ ನಮಗೆ ನೀವು, ನೀನು ಎರಡೂ ಇದೆಯಲ್ಲ, ನಾನು ಹೇಳುವಾಗ ಮೊದಲು 'ನೀವು' ಅಂತ ಶುರು ಮಾಡ್ತೀನಿ, ಮನಸ್ಸು ಬದಲಾದ ಕಂತಲ್ಲಿ 'ನೀನು' ಅಂತೀನಿ. ಅಮ್ಮ ತಕ್ಷಣ ಹಿಡಿದುಬಿಡ್ತಾರೆ.

ಮುಂದಿನದು 'ಅಂಡರ್ ದಿ ಪವರ್' ಇಟ್ಕೊಳ್ಳಿ, 2019ರ ಕೊನೆಯಲ್ಲಿ ಬಂದದ್ದು, 55 ಕಂತು. ಮಿಂಗ್ ಕಾಲದ ಕಥೆ, ಅವನು ಚಕ್ರವರ್ತಿಯ ಗುಪ್ತ ಪಡೆಯ ಅಧಿಕಾರಿ ಲು ಯಿ, ಅವಳು ಪೇದೆ ಜಿನ್‌ಶ್ಯಾ. ಶುರುವಲ್ಲಿ ಬರೀ ಕಿತ್ತಾಟ, ಕೊನೆಯ ಭಾಗದಲ್ಲಿ ಎರಡು ಮನೆಗಳ ಹಳೇ ರಕ್ತದ ಲೆಕ್ಕ ಎದ್ದು ಬರುತ್ತೆ. ಅವಳು ಅವನನ್ನ 'ದಾರೆನ್' ಅಂತ ಕರೀತಾಳೆ, ದೊಡ್ಡ ಅಧಿಕಾರಿಗೆ ಹೇಳೋ ಮಾತು ಅದು. ಪ್ರೀತಿ ಆದಮೇಲೂ ಅದೇ ಪದ. ಮೊದಲು ಹಲ್ಲು ಕಚ್ಚಿಕೊಂಡು ಹೇಳ್ತಿದ್ದಳು, ಆಮೇಲೆ ಅದನ್ನೇ ಎಳೆದು ಎಳೆದು ಹೇಳ್ತಾಳೆ. ಅದನ್ನ ಕನ್ನಡಕ್ಕೆ ಹೇಗೆ ಹೇಳೋದು ಅಂತ ನನಗೆ ಹೊಳೀಲಿಲ್ಲ, ಅಮ್ಮನಿಗೆ ನೀನೇ ಕೇಳಿಸ್ಕೋ ಅಂದೆ.