ಪದಚರ್ಚೆ (2021): ಅಮೆರಿಕದ ಅಧ್ಯಕ್ಷರ ಆದೇಶವನ್ನು ‘ಸುಗ್ರೀವಾಜ್ಞೆ’ ಎನ್ನಬಹುದೇ?

ಮಾನ್ಯ ಸದಸ್ಯರಿಗೆ ನಮಸ್ಕಾರಗಳು.

2021ರ ಜನವರಿ 20ರಂದು ಪ್ರಮಾಣವಚನ ಸ್ವೀಕರಿಸಿದ ಅಧ್ಯಕ್ಷ ಜೋ ಬೈಡನ್ ಅವರಿಗೆ ಅಮೆರಿಕದ ಪ್ರಜೆಯಾಗಿ ನಾನೊಂದು ಬಹಿರಂಗ ಪತ್ರ ಬರೆದಿದ್ದೇನೆ. ಅದರ ಕನ್ನಡ ರೂಪ ನಮ್ಮ ಊರಿನ ಕನ್ನಡ ಕೂಟದ ಪತ್ರಿಕೆಗಾಗಿ ಶುಕ್ರವಾರದೊಳಗೆ ಸಿದ್ಧವಾಗಬೇಕು. ಕೋವಿಡ್ ಲಸಿಕೆ ಬಡವರ ಬಡಾವಣೆಗಳಿಗೂ ತಡವಿಲ್ಲದೆ ತಲುಪಬೇಕು, ಎಚ್-1ಬಿ ನೌಕರರ ಅವಲಂಬಿತರಾಗಿ ಎಚ್-4 ವೀಸಾದ ಮೇಲಿರುವ ಪತಿ ಅಥವಾ ಪತ್ನಿಗೆ 2015ರಿಂದ ದೊರೆಯುತ್ತಿರುವ ಕೆಲಸದ ಪರವಾನಗಿ ಉಳಿಯಬೇಕು, ಉದ್ಯೋಗಾಧಾರಿತ ಗ್ರೀನ್ ಕಾರ್ಡಿಗೆ (ಕಾಯಂ ವಾಸದ ಪರವಾನಗಿಗೆ) ದೇಶವಾರು ವಿಧಿಸಿರುವ ಶೇ. 7ರ ಮಿತಿ ತೆಗೆಯಬೇಕು, 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿರುವ ಫೆಡರಲ್ (ಕೇಂದ್ರ ಸರ್ಕಾರದ) ಕನಿಷ್ಠ ವೇತನ ಏರಬೇಕು ಎಂಬುವು ಅದರಲ್ಲಿರುವ ಮುಖ್ಯ ಕೋರಿಕೆಗಳು.

‘ಆದ್ಯತೆ’, ‘ನೀತಿ’ ಎಂಬ ಪದಗಳ ಬಗ್ಗೆ ನನಗೆ ಸಂದೇಹವಿಲ್ಲ. ತೊಡಕಿರುವುದು ಅಧ್ಯಕ್ಷರು ಹೊರಡಿಸುವ ‘ಎಕ್ಸಿಕ್ಯೂಟಿವ್ ಆರ್ಡರ್’ ಎಂಬಲ್ಲಿ. ಕರಡು ಓದಿದ ಹಿರಿಯರೊಬ್ಬರು ಎಲ್ಲ ಕಡೆಯೂ ‘ಸುಗ್ರೀವಾಜ್ಞೆ’ ಎಂದು ತಿದ್ದಿ ಕಳುಹಿಸಿದ್ದಾರೆ. ಆ ತಿದ್ದುಪಡಿ ನನಗೆ ಒಪ್ಪಿಗೆಯಾಗಿಲ್ಲವಾದರೂ, ಅದರ ಬದಲಿಗೆ ಯಾವ ಪದ ಸಲ್ಲುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಬೇಗ ತಿಳಿಸಬೇಕು.

ಉತ್ತರ: ಧಾರವಾಡದಿಂದ

ಸುಗ್ರೀವಾಜ್ಞೆ ಬೇಡ, ಆದೇಶವೂ ಬೇಡ, ಎರಡೂ ಸಂಸ್ಕೃತದವು. ‘ಆಣತಿ’ ಎಂಬ ಅಚ್ಚಗನ್ನಡ ಪದವಿರುವಾಗ ಈ ಪ್ರಶ್ನೆ ಏಕೆ ಹುಟ್ಟಿತೆಂಬುದೇ ನನಗೆ ತಿಳಿಯುವುದಿಲ್ಲ. ‘ಅಧ್ಯಕ್ಷರ ಆಣತಿ’ ಎಂದು ಬರೆಯಿರಿ.

ಉತ್ತರ: ಮೈಸೂರಿನಿಂದ

‘ಆಣತಿ’ ಅಚ್ಚಗನ್ನಡವಲ್ಲ. ಅದು ‘ಆಜ್ಞಪ್ತಿ’ಯ ತದ್ಭವ; ‘ಆಣೆ’ಯು ‘ಆಜ್ಞೆ’ಯಿಂದ ಪ್ರಾಕೃತದ ಮೂಲಕ ಬಂದಂತೆಯೇ ಇದೂ ಬಂದಿದೆ. ಅದರ ಬದಲು ‘ಆಣೆ’ಯನ್ನು ಬಳಸುವಂತೆಯೂ ಇಲ್ಲ: ಇಂದಿನ ಓದುಗರಿಗೆ ‘ಅಧ್ಯಕ್ಷರ ಆಣೆ’ ಎಂದರೆ ಜನವರಿ 20ರಂದು ಅವರು ಮಾಡಿದ ಪ್ರಮಾಣವೇ ನೆನಪಾಗುತ್ತದೆಯೇ ಹೊರತು ಆಮೇಲೆ ಸಹಿ ಮಾಡಿದ ಕಾಗದವಲ್ಲ. ಮೂಲವನ್ನು ಹಿಡಿದು ಪದವನ್ನು ಕೊಳ್ಳುವುದೂ ಬಿಡುವುದೂ ನಿಲ್ಲಬೇಕು. ಅದು ಏನನ್ನು ಹೇಳುತ್ತದೆಂಬುದು ಮುಖ್ಯ.

ಈಗ ‘ಸುಗ್ರೀವಾಜ್ಞೆ’ಯ ವಿಚಾರ. ತಿಂಗಳೊಳಗೆ ಸೀತೆಯ ಸುಳಿವು ತಾರದೆ ತಡಮಾಡಿದವರಿಗೆ ಮರಣದಂಡನೆ ಎಂದು ಸುಗ್ರೀವನು ಕಪಿಗಳಿಗೆ ವಿಧಿಸಿದ ಕಟ್ಟಳೆಯಿಂದ, ಮೀರಲಾಗದ ಅಪ್ಪಣೆ ಎಂಬ ಅರ್ಥ ಅದಕ್ಕೆ ಬಂತು. ಆದರೆ ನಮ್ಮ ಪತ್ರಿಕೆಗಳಲ್ಲಿಯೂ ರಾಜಪತ್ರದಲ್ಲಿಯೂ ಅದು ಈಗ ಒಂದೇ ನಿರ್ದಿಷ್ಟ ವಸ್ತುವಿನ ಹೆಸರು. ಸಂಸತ್ತಿನ ಅಧಿವೇಶನ ಇಲ್ಲದಿರುವಾಗ ಸಂವಿಧಾನದ 123ನೆಯ ವಿಧಿಯಡಿ ರಾಷ್ಟ್ರಪತಿಗಳು, ರಾಜ್ಯದ ವಿಧಾನಮಂಡಲದ ಅಧಿವೇಶನ ಇಲ್ಲದಿರುವಾಗ 213ನೆಯ ವಿಧಿಯಡಿ ರಾಜ್ಯಪಾಲರು ಹೊರಡಿಸುವ, ಶಾಸನದಷ್ಟೇ ಬಲವುಳ್ಳ ಆಜ್ಞೆ ಅದು. ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅಂಗೀಕಾರವಾಗದಿದ್ದರೆ ಬಿದ್ದುಹೋಗುತ್ತದೆ. 2020ರ ಜೂನಿನಲ್ಲಿ ಹೊರಟ ಕೃಷಿ ಸುಗ್ರೀವಾಜ್ಞೆಗಳು ಸೆಪ್ಟೆಂಬರಿನಲ್ಲಿ ಕಾಯ್ದೆಗಳಾದುದನ್ನು ನೋಡಿರುವ ಓದುಗರಿಗೆ ಈ ಪದದ ಅರ್ಥ ಚೆನ್ನಾಗಿ ಗೊತ್ತಿದೆ.

ಅಮೆರಿಕದ ಅಧ್ಯಕ್ಷರಿಗೆ ಈ ಅಧಿಕಾರವಿಲ್ಲ. ಅವರ ಆದೇಶ ಸಂವಿಧಾನವೋ ಕಾಂಗ್ರೆಸ್ಸಿನ (ಅಲ್ಲಿನ ಸಂಸತ್ತಿನ) ಶಾಸನವೋ ಈಗಾಗಲೇ ಕೊಟ್ಟಿರುವ ಅಧಿಕಾರದೊಳಗೆ ಇರಬೇಕು. ಕೊರಿಯಾ ಯುದ್ಧದ ನಡುವೆ, 1952ರಲ್ಲಿ, ಮುಷ್ಕರದ ಭೀತಿಯಿಂದ ಅಂದಿನ ಅಧ್ಯಕ್ಷ ಟ್ರೂಮನ್ ಅವರು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿದಾಗ, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಅಧಿವೇಶನ ನಡೆಯುತ್ತಿದ್ದರೂ ಆದೇಶ ಹೊರಡಬಹುದು, ಸದನದ ಅಂಗೀಕಾರ ಅದಕ್ಕೆ ಬೇಕಿಲ್ಲ, ಮುಂದಿನ ಅಧ್ಯಕ್ಷರು ಒಂದು ಸಹಿಯಿಂದ ಅದನ್ನು ತೆಗೆದುಹಾಕಬಹುದು. ಇದಕ್ಕೆ ‘ಕಾರ್ಯಾಂಗ ಆದೇಶ’ ಎಂದೇ ಹೇಳಬೇಕು. ಶಾಸಕಾಂಗದಿಂದ ಬಂದದ್ದಲ್ಲ ಎಂಬುದನ್ನು ಆ ಪದವೇ ತಿಳಿಸುತ್ತದೆ. ‘ಅಧ್ಯಾದೇಶ’ ಎಂದು ಯಾರಾದರೂ ಸೂಚಿಸುವ ಮುನ್ನ: ಹಿಂದಿಯಲ್ಲಿ ಅದು ಸುಗ್ರೀವಾಜ್ಞೆಯೇ.

ಉತ್ತರ: ಶಿವಮೊಗ್ಗದಿಂದ

‘ಗ್ರೀನ್ ಕಾರ್ಡ್’, ‘ವೀಸಾ’ ಎಂಬುವನ್ನು ಪತ್ರದಲ್ಲಿ ಹಾಗೆಯೇ ಇಟ್ಟುಕೊಂಡವರು ‘ಎಕ್ಸಿಕ್ಯೂಟಿವ್ ಆರ್ಡರ್’ ಒಂದನ್ನೇ ಏಕೆ ಕನ್ನಡಿಸಬೇಕು? ಜಿಲ್ಲೆ, ತಾಲ್ಲೂಕು, ಜಮೀನು, ಖಾತೆ ಎಲ್ಲವೂ ಹೊರಗಿನಿಂದ ಬಂದವೇ. ಮಲೆನಾಡಿನ ರೈತರು ‘ಬಗರ್ ಹುಕುಂ’ ಎಂಬುದನ್ನು ಯಾವ ನಿಘಂಟನ್ನೂ ನೋಡದೆ ಬಳಸುತ್ತಾರೆ.

ಉತ್ತರ: ಧಾರವಾಡದಿಂದ

‘ಬಗರ್ ಹುಕುಂ’ ರೈತರು ಕೇಳಿ ಪಡೆದ ಪದವಲ್ಲ. ಕಂದಾಯ ಇಲಾಖೆಯ ಕಡತದಿಂದ ಅವರ ಮೇಲೆ ಬಿದ್ದ ಪದ. ಆಳುವವರ ನುಡಿಯನ್ನು ಜನರ ನುಡಿಯೆಂದು ಕರೆಯಬೇಡಿ. ಆಣತಿಯ ಮೂಲ ಯಾವುದೇ ಇರಲಿ, ಕನ್ನಡದ ನಾಲಗೆ ಅದನ್ನು ಅರೆದು ತನ್ನದಾಗಿಸಿಕೊಂಡಿದೆ. ‘ಕಾರ್ಯಾಂಗ ಆದೇಶ’ ಇನ್ನೂ ಕಚೇರಿಯಿಂದ ಹೊರಗೇ ಬಂದಿಲ್ಲ.

ಉತ್ತರ: ಮೈಸೂರಿನಿಂದ

ಕಚೇರಿಯ ವಿಷಯಕ್ಕೆ ಕಚೇರಿಯ ಪದವೇ ಸರಿ. ಎರವಲಿನ ವಾದವನ್ನು ಬೇರೆ ಶೀರ್ಷಿಕೆಯಡಿ ಮುಂದುವರಿಸೋಣ. ಕೇಳಿದವರಿಗೆ ಶುಕ್ರವಾರದ ಗಡುವಿದೆ.

ಮೊದಲು ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ಕಾರ್ಯಾಂಗ ಆದೇಶ’ವನ್ನೇ ತೆಗೆದುಕೊಳ್ಳುತ್ತೇನೆ. ಧಾರವಾಡದ ಮಾನ್ಯರ ಆಕ್ಷೇಪಕ್ಕೆ ತೂಕವಿರುವುದರಿಂದ, ಮೊದಲ ಸಲ ಬರುವಲ್ಲಿ ‘ಅಧ್ಯಕ್ಷರು ತಮ್ಮ ಆಡಳಿತದ ಅಧಿಕಾರಿಗಳಿಗೆ ನೀಡುವ ಆದೇಶ’ ಎಂಬ ಬಿಡಿಸಿದ ಮಾತನ್ನೂ ಸೇರಿಸುತ್ತೇನೆ. ಎಲ್ಲ ಕಡೆಗೂ ಒಂದೇ ಪದ ಹಾಕಲಾಗದು ಎಂಬುದು ಕರಡನ್ನು ಮತ್ತೆ ಓದಿದಾಗ ಸ್ಪಷ್ಟವಾಯಿತು. ಬೈಡನ್ ಅವರು ಮೊದಲ ದಿನವೇ ಫೆಡರಲ್ ಕಟ್ಟಡಗಳಲ್ಲಿ ಮುಖಗವಸನ್ನು ಕಡ್ಡಾಯ ಮಾಡಿದ್ದು ಕಾರ್ಯಾಂಗ ಆದೇಶ. ಹಲವು ಮುಸ್ಲಿಂ ದೇಶಗಳವರ ಪ್ರವೇಶಕ್ಕಿದ್ದ ನಿಷೇಧ ತೆಗೆದದ್ದು ‘ಘೋಷಣೆ’. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಮರಳಿದ್ದು ವಿಶ್ವಸಂಸ್ಥೆಗೆ ಸಲ್ಲಿಸಿದ ಸ್ವೀಕೃತಿ ಪತ್ರದ ಮೂಲಕ. ಎಚ್-4 ಪರವಾನಗಿಯೋ, ಇಲಾಖೆಯೊಂದು ರಚಿಸಿದ ‘ನಿಯಮ’.

ನನಗೆ ಈ ಭೇದ ಮುಖ್ಯವಾಗುವುದು ಗ್ರೀನ್ ಕಾರ್ಡಿನ ಕೋರಿಕೆಯಲ್ಲಿ. ಅಲ್ಲಿ ‘ಸುಗ್ರೀವಾಜ್ಞೆ’ ಎಂದು ಅಚ್ಚಾದರೆ, ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿರುವ, ಮಕ್ಕಳಿಗೆ 21 ತುಂಬಿ ಅವಲಂಬಿತರ ವೀಸಾ ಕೈತಪ್ಪುವುದೆಂದು ಹೆದರಿರುವ ಕುಟುಂಬಗಳು, ಅಧ್ಯಕ್ಷರೊಬ್ಬರೇ ಸಹಿ ಹಾಕಿ ಇದನ್ನು ಮುಗಿಸಬಹುದೆಂದು ನಂಬಿ, ತಮ್ಮ ಕ್ಷೇತ್ರದ ಸಂಸದರಿಗೆ ಬರೆಯದೆ ಉಳಿಯಬಹುದು. ಆದುದರಿಂದ ಆ ಭಾಗವನ್ನು ಹೀಗೆ ಕಳುಹಿಸುತ್ತಿದ್ದೇನೆ:

“ದೇಶವಾರು ಮಿತಿ ಶಾಸನದಲ್ಲಿರುವುದರಿಂದ, ಅದನ್ನು ಕಾರ್ಯಾಂಗ ಆದೇಶದಿಂದ ತೆಗೆಯಿರೆಂದು ನಾನು ಕೇಳುತ್ತಿಲ್ಲ, ಅದನ್ನು ತೆಗೆಯುವ ಮಸೂದೆಯನ್ನು ಕಾಂಗ್ರೆಸ್ ಅಂಗೀಕರಿಸುವಂತೆ ತಾವು ಎರಡೂ ಪಕ್ಷಗಳ ನಾಯಕರನ್ನು ಒತ್ತಾಯಿಸಬೇಕೆಂದು ಕೇಳುತ್ತಿದ್ದೇನೆ. ಕನಿಷ್ಠ ವೇತನವೂ ಶಾಸನದ ವಿಷಯವೇ. ಆದರೆ ಸರ್ಕಾರದ ಗುತ್ತಿಗೆದಾರರ ಬಳಿ ದುಡಿಯುವವರ ಮಟ್ಟಿಗೆ, 2014ರಲ್ಲಿ ಅಧ್ಯಕ್ಷ ಒಬಾಮ ಅವರು ಮಾಡಿದಂತೆ, ತಾವು ಕಾರ್ಯಾಂಗ ಆದೇಶದಿಂದಲೇ ಅದನ್ನು ಏರಿಸಬಹುದು. ಅದನ್ನು ಕೂಡಲೇ ಮಾಡಬೇಕು.”